ಕೇಳದೆ ಬರೆದ ಉತ್ತರ

ನಮ್ಮ ಊರಿನ ನ್ಯಾಯಾಧೀಶರು ಏಳು ಜನ. ಹಗಲು ಹನ್ನೆರಡಕ್ಕೆ ಕೋರ್ಟಿನ ಹಿಂದಿನ ಪಡಸಾಲೆಯಲ್ಲಿ ಒಂದೇ ಸಾಲಿನಲ್ಲಿ ಕೂತು ಒಂದೇ ಚೊಂಬಿನಿಂದ ಮಜ್ಜಿಗೆ ಕುಡಿಯುತ್ತಾರೆ. ಎತ್ತಿ ಕುಡಿಯುವುದಿಲ್ಲ, ಕಚ್ಚಿ ಕುಡಿಯುತ್ತಾರೆ. ಚೊಂಬು ಏಳನೆಯವರ ಕೈ ಮುಟ್ಟಿ ತಿರುಗಿ ಮೊದಲನೆಯವರಿಗೆ ಬರುವಷ್ಟರಲ್ಲಿ, ಒಬ್ಬೊಬ್ಬರು ಬೆಳಿಗ್ಗೆ ಕೇಳಿಸಿಕೊಂಡಿದ್ದೆಲ್ಲ ಏಳು ಜನರಿಗೂ ಗೊತ್ತಾಗಿರುತ್ತದೆ. ಮೂರನೇ ಕೋಣೆಯಲ್ಲಿ ಸಾಕ್ಷಿ ಹೇಳಿದವನು ಎಲ್ಲಿ ಕೆಮ್ಮಿದ ಎನ್ನುವುದು ಸಹ ಐದನೇ ಕೋಣೆಯವರಿಗೆ ಗೊತ್ತು. ಹಾಗಾಗಿ ನಮ್ಮಲ್ಲಿ ಒಂದೇ ತರದ ವ್ಯಾಜ್ಯಕ್ಕೆ ಎರಡು ತರದ ತೀರ್ಪು ಇಲ್ಲ. ಸುತ್ತಲಿನ ಊರಿನವರು ಇದನ್ನು ಹೊಗಳುತ್ತಾರೆ. ಮಕ್ಕಳು ಲೋಟಕ್ಕೆ ಬಾಯಿ ಹಚ್ಚಿದರೆ ನಮ್ಮ ಹೆಂಗಸರು, 'ಯಾಕೆ, ಜಡ್ಜ್ ಆಗಬೇಕಂತ ಮಾಡಿಯೇನು?' ಎಂದು ಗದರುತ್ತಾರೆ.

ಯಾರಿಗಾದರೂ ಹೊಸ ತರದ ವ್ಯಾಜ್ಯ ಬಂತೆಂದರೆ ಅವರ ಮನೆಗೆ ಊರೇ ಬರುತ್ತದೆ. ರೊಟ್ಟಿ, ಪಲ್ಯ, ಚಟ್ನಿಪುಡಿ ತರುತ್ತಾರೆ. ಹೇಗೆ ನಿಲ್ಲಬೇಕು, ಯಾವುದನ್ನು ಮೊದಲು ಹೇಳಬೇಕು ಎಂದು ಕಲಿಸುತ್ತಾರೆ. ಮೊದಲು ಕಟಕಟೆ ಹತ್ತಿದವನು ತೊದಲಿದರೆ ಆ ತೊದಲು ಎಲ್ಲರ ಪಾಲಿಗೂ ಬರುತ್ತದೆ. ಹಿಂದೆ ಒಬ್ಬ, ತನ್ನ ನುಗ್ಗೆಮರದ ಕೊಂಬೆ ಪಕ್ಕದವರ ಅಂಗಳಕ್ಕೆ ಬಾಗಿದ ವಿಷಯಕ್ಕೆ ಕೋರ್ಟಿಗೆ ಹೋಗಿ ಸರಿಯಾಗಿ ಮಾತಾಡದೆ ಸೋತ. ಅಂದಿನಿಂದ ಊರಿನ ನುಗ್ಗೆಮರಗಳಿಗೆಲ್ಲ ಹಗ್ಗ ಕಟ್ಟಿ ನೆಟ್ಟಗೆ ನಿಲ್ಲಿಸಿದ್ದಾರೆ.

ನಾನು ಆ ಕೋರ್ಟಿನಲ್ಲಿ ಗುಮಾಸ್ತೆ. ವಿಶ್ವವಿದ್ಯಾಲಯದಲ್ಲಿ ತರ್ಕಶಾಸ್ತ್ರ ಓದಿದ್ದೆ. ಅದಕ್ಕೇ ಪ್ರಶ್ನೆ ಕೇಳುವ ಮೇಜು ಕೊಟ್ಟಿದ್ದರು. ವ್ಯಾಜ್ಯ ತಂದವರು ಮೊದಲು ನನ್ನ ಮುಂದೆ ಕೂರುತ್ತಾರೆ. ಅಚ್ಚಾದ ಪ್ರಶ್ನೆಗಳಿರುತ್ತವೆ. ಕೇಳಿ, ಅವರ ಉತ್ತರವನ್ನು ಅವರ ಮಾತಿನಲ್ಲೇ ಬರೆದು ನ್ಯಾಯಾಧೀಶರಿಗೆ ಕಳಿಸಬೇಕು.

ಐದು ವರ್ಷದ ಹಿಂದೆ ಕೊಟ್ರಮ್ಮ ಎಂಬುವಳು ಬಂದಿದ್ದಳು. ಮಂಡಕ್ಕಿ ಭಟ್ಟಿಯಲ್ಲಿ ಕೆಲಸ. ಗಂಡ ಸತ್ತು ವರ್ಷವಾಗಿತ್ತು. ನಾಲ್ಕು ವರ್ಷದ ಮಗನನ್ನು ತಮ್ಮ ಮನೆಗೆ ಕೊಡಬೇಕೆಂದು ಅತ್ತೆ ಅರ್ಜಿ ಹಾಕಿದ್ದಳು. ಅಂಥ ವ್ಯಾಜ್ಯ ನಮ್ಮ ಊರಿಗೆ ಅದೇ ಮೊದಲು. ಪ್ರಶ್ನೆಗಳು ನಾಲ್ಕು: ಮಗುವಿನ ತಂದೆ ಇದ್ದಾನೆಯೇ, ತಾಯಿ ಹೊರಗೆ ದುಡಿಯಲು ಹೋಗುತ್ತಾಳೆಯೇ, ತಂದೆಯ ಕಡೆಯವರಿಗೆ ಸ್ವಂತ ಮನೆ ಇದೆಯೇ, ಮಗು ಯಾರ ಕೈಯಲ್ಲಿ ಉಣ್ಣುತ್ತದೆ. ಮೂರು ಕೇಳಿದೆ. ಅಷ್ಟರಲ್ಲಿ ಹೊರಗೆ ಸ್ಕೂಟರಿನ ಹಾರ್ನ್ ಎರಡು ಸಲ ಕೇಳಿಸಿತು. ನನಗೆ ಮದುವೆಯಾಗಿ ಎರಡು ತಿಂಗಳಾಗಿತ್ತು. ಜಯದೇವ ಮ್ಯಾಟಿನಿಗೆ ಟಿಕೆಟ್ ತಂದಿದ್ದ. ಕೊಟ್ರಮ್ಮನ ಅತ್ತೆ ಆಗತಾನೆ ವರಾಂಡದಲ್ಲಿ ಯಾರಿಗೋ, 'ಕೂಸು ನನ್ನ ಕೈಯಾಗೇ ಉಣ್ತೈತಿ' ಎನ್ನುತ್ತಿದ್ದದ್ದು ಕಿವಿಗೆ ಬಿದ್ದಿತ್ತು. ನಾಲ್ಕನೆಯ ಪ್ರಶ್ನೆ ಕೇಳದೆ, 'ಅಜ್ಜಿಯ ಕೈಯಲ್ಲಿ' ಎಂದು ಬರೆದು, ಕೊಟ್ರಮ್ಮನ ಹೆಬ್ಬೆಟ್ಟು ಒತ್ತಿಸಿಕೊಂಡು ಎದ್ದೆ.

ತಾಯಿ ಹೊರಗೆ ದುಡಿಯಲು ಹೋಗುವುದರಿಂದ ಮಗು ಬೇರೆಯವರ ಕೈಯಲ್ಲಿ ಉಣ್ಣುತ್ತದೆ, ಉಣ್ಣಿಸುವವರ ಮನೆಗೇ ಮಗು ಸೇರಬೇಕು ಎಂದು ನ್ಯಾಯಾಧೀಶರು ತೀರ್ಪು ಕೊಟ್ಟರು. ಕೊಟ್ರಮ್ಮ ಕೋಣೆಯ ನಡುವೆ ನಿಂತು, 'ನನ್ನ ಮಗ ನನ್ನ ಕೈಯಾಗೇ ಉಣ್ತಾನೆ, ಯಾರ್ನಾದ್ರೂ ಕೇಳ್ರಿ' ಎಂದು ಕೂಗಿದಳು. ಕಾಗದದಲ್ಲಿ ಬೇರೆ ಇತ್ತು. ಹನ್ನೆರಡಾಯಿತು. ಚೊಂಬು ತಿರುಗಿತು.

ಆಮೇಲೆ ಆ ನಾಲ್ಕನೆಯ ಪ್ರಶ್ನೆಯನ್ನು ಯಾರಿಗೂ ಕೇಳಲಿಲ್ಲ. ಏಳು ಜನರಿಗೂ ಉತ್ತರ ಗೊತ್ತಿತ್ತು. ಅಚ್ಚಿನ ಹಾಳೆಯಿಂದಲೇ ಅದನ್ನು ತೆಗೆದುಹಾಕಿದರು. ಐದು ವರ್ಷದಲ್ಲಿ ಇನ್ನೂ ಹತ್ತು ಮಕ್ಕಳು ತಂದೆಯ ಮನೆಗಳಿಗೆ ಹೋದವು. ಗಂಡ ಸತ್ತ ಹೆಂಗಸರು ದುಡಿಮೆಯನ್ನು ಮುಚ್ಚಿಡುವುದಕ್ಕೆ ಕಲಿತರು. ಭಟ್ಟಿಗೆ ಹೋಗುವವರು ಹೂವಿನ ಬುಟ್ಟಿ ಹಿಡಿದು ಗುಡಿಗೆ ಹೊರಟವರಂತೆ ಹೊರಡುತ್ತಿದ್ದರು. ವಾಪಸು ಬರುವಾಗ ಕೆರೆಯ ತೂಬಿನ ಹತ್ತಿರ ಮಸಿ ತೊಳೆದುಕೊಳ್ಳುತ್ತಿದ್ದರು. ಹೊಲಿಗೆ ಮೆಷಿನ್ನಿನ ಸದ್ದು ಬೀದಿಗೆ ಕೇಳಬಾರದೆಂದು ಕೆಳಗೆ ಗೋಣಿಚೀಲ ಹಾಸುತ್ತಿದ್ದರು. ನಾನು ಇದನ್ನೆಲ್ಲ ನೋಡುತ್ತಿದ್ದೆ. ಸುಮ್ಮನಿದ್ದೆ.

ಕಳೆದ ವರ್ಷ ಜಯದೇವನಿಗೆ ಜ್ವರ ಬಂತು. ಒಂಬತ್ತು ದಿನಕ್ಕೆ ಹೋದ.

ನಾನು ಅಳಲಿಲ್ಲ. ಜನ ಅದನ್ನು ಗಮನಿಸಿದರು. ಹದಿನಾರನೆಯ ದಿನಕ್ಕೆ ಕೆಲಸಕ್ಕೆ ಹೋದೆ. ಮಗಳು ನೀಲಾಗೆ ಆಗ ಮೂರು ವರ್ಷ ತುಂಬಿತ್ತು. ಅನ್ನ ಕಲಸಿ ತುತ್ತು ಎತ್ತುತ್ತಿದ್ದೆ. ಎತ್ತಿದ ಕೈ ಅರ್ಧಕ್ಕೇ ನಿಲ್ಲುತ್ತಿತ್ತು. ಎಷ್ಟು ಹೊತ್ತು ನಿಲ್ಲುತ್ತಿತ್ತೋ ನನಗೆ ತಿಳಿಯುತ್ತಿರಲಿಲ್ಲ. ಮಗು ಬಾಯಿ ತೆರೆದುಕೊಂಡು ಕಾಯುತ್ತಿತ್ತು. ಹೀಗೆ ಕೆಲವು ದಿನ ಕಾಯಿತು. ಒಂದು ದಿನ ಬಾಯಿ ಮುಚ್ಚಿಕೊಂಡಿತು. ಆಮೇಲೆ ನನ್ನ ಕೈ ಕಂಡರೆ ತುಟಿ ಬಿಗಿದು ಮುಖ ತಿರುಗಿಸತೊಡಗಿತು.

ನಮ್ಮದೂ ಭಾವನವರದೂ ಎರಡು ಮನೆ, ಹಿತ್ತಲು ಒಂದೇ. ಭಾವ ಚನ್ನವೀರಪ್ಪನವರಿಗೆ ಮಕ್ಕಳಿಲ್ಲ. ಅವರ ಹೆಂಡತಿ ಗಂಗಾಂಬಿಕೆಯನ್ನು ನಾನು ಅಕ್ಕ ಎನ್ನುತ್ತೇನೆ, ಮಗು ದೊಡ್ಡಮ್ಮ ಎನ್ನುತ್ತದೆ. ಅಕ್ಕ ಹಿತ್ತಲಿನ ಬಾಗಿಲಿನಿಂದ ಬಂದು, 'ತಾ ಇಲ್ಲಿ' ಎಂದು ತಟ್ಟೆ ಇಸಿದುಕೊಂಡು ತಿನ್ನಿಸಿದಳು. ಮಗು ತಿಂದಿತು. ಅಂದಿನಿಂದ ಎರಡು ಹೊತ್ತೂ ಅವಳ ಕೈಯಲ್ಲೇ. ಕೊಟ್ರಮ್ಮನ ಬಗ್ಗೆ ನಾನು ಬರೆದ ಸುಳ್ಳು ನನ್ನ ಮನೆಯಲ್ಲಿ ನಿಜವಾಯಿತು.

ಏಳು ತಿಂಗಳು ಕಳೆದ ಮೇಲೆ ನೋಟೀಸು ಬಂತು. ಭಾವ ಅರ್ಜಿ ಹಾಕಿದ್ದರು. ಜಗಳವಾಡಿ ಹಾಕಿದ್ದಲ್ಲ. ಹಿಂದಿನ ದಿನ ಬಂದು ಚಾಪೆಯ ಮೇಲೆ ಕೂತು, 'ತಮ್ಮನ ಕೂಸು ಕಣಮ್ಮ. ನೀನು ಎಳೇ ವಯಸ್ಸಿನೋಳು, ನಾಳೆ ನಿನ್ನ ದಾರಿ ನಿನಗೆ. ಕೂಸಿಗೆ ಒಂದು ನೆಲೆ ಬೇಕಲ್ಲ' ಎಂದಿದ್ದರು. ನಾನು ಚಹಾ ಕೊಟ್ಟಿದ್ದೆ. ವಿಚಾರಣೆಗೆ ಎಂಟು ದಿನ ಇತ್ತು. ಹಾಳೆಯಲ್ಲಿ ಮೂರೇ ಪ್ರಶ್ನೆ. ಮೂರಕ್ಕೂ ನನ್ನ ಉತ್ತರ ಏನೆಂದು ಕೋರ್ಟಿನ ಕಸ ಗುಡಿಸುವವಳಿಗೂ ಗೊತ್ತಿತ್ತು. ಹೂವಿನ ಬುಟ್ಟಿ ಹಿಡಿದು ಮುಚ್ಚಿಡುವ ಕೆಲಸವಲ್ಲ ನನ್ನದು.

ಆ ನೋಟೀಸಿನ ಅಂಚು ನನ್ನ ಮುಷ್ಟಿಯಲ್ಲಿ ಮುದುಡಿತು. ಏಳು ತಿಂಗಳಲ್ಲಿ ನನ್ನ ಮೈಯಲ್ಲಿ ಏನಾದರೂ ಆಗಿದ್ದು ಅದೇ ಮೊದಲು. ಭಯ ಎಂದು ಗುರುತಿಸುವುದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು.

ಮರುದಿನ ಬೆಳಿಗ್ಗೆ ಹಿರಿಯ ಗುಮಾಸ್ತ ನಿರ್ವಾಣಪ್ಪನವರ ಮೇಜಿನ ಮುಂದೆ ನಿಂತೆ. ಮೂವತ್ತು ವರ್ಷದ ಅನುಭವದವರು. ಒಂದೊಂದು ಪ್ರಶ್ನೆಯನ್ನೂ ಮೂರು ಮೂರು ಸಲ ಕೇಳುತ್ತಾರೆ, ಅದಕ್ಕೇ ಜನ ಅವರನ್ನು ಮೂರುಸಲದ ಅಪ್ಪ ಎನ್ನುತ್ತಾರೆ. ನಡೆದದ್ದನ್ನು ಹೇಳಿದೆ. ಅವರು ಪೆನ್ನಿನ ಮುಚ್ಚಳ ಹಾಕಿದರು.

'ಎಷ್ಟು ವರ್ಷ ಆಯ್ತು?'

'ಐದು.'

'ಕೊಟ್ರಮ್ಮ ಅಂದ್ರೆ ಆ ಭಟ್ಟಿಯವಳು. ಅವಳ ಹಿಂದೆ ಹತ್ತು ಮಕ್ಕಳು ಹೋದವು.'

'ಗೊತ್ತು.'

'ಗೊತ್ತಿದ್ದೂ ಐದು ವರ್ಷ ನನ್ನ ಎದುರಿಗೆ ಕೂತು ಚಹಾ ಕುಡಿದೆಯಲ್ಲ ತಂಗಿ.'

ಅವರು ಗಡಿಯಾರ ನೋಡಿದರು. ಹನ್ನೊಂದಕ್ಕೆ ಹತ್ತು ನಿಮಿಷ ಇತ್ತು. 'ಹೇಳೋದಾದ್ರೆ ಹನ್ನೆರಡರೊಳಗೆ ಹೇಳು. ಮಜ್ಜಿಗೆ ಆದಮೇಲೆ ಹೇಳಿದ್ರೆ ನಾಳೆ ತನಕ ಆ ಮಾತು ಒಬ್ಬರ ಹೊಟ್ಟೇಲೇ ಇರ್ತದೆ. ಒಬ್ಬರ ಹೊಟ್ಟೇಲಿ ಉಳಿದ ಮಾತು ಹುಳಿ ಬರ್ತದೆ.'

ನಾಲ್ಕನೇ ಕೋಣೆಯ ನ್ಯಾಯಾಧೀಶೆ ಸರ್ವಮಂಗಳಮ್ಮನವರ ಮುಂದೆ ಹೇಳಿದೆ. ಅವರು ಕನ್ನಡಕ ತೆಗೆದು ಕೇಳಿಸಿಕೊಂಡರು. 'ಯಾಕೆ ಕೇಳಲಿಲ್ಲ?' ಎಂದರು. 'ಹೊರಗೆ ನನಗಾಗಿ ಒಬ್ಬರು ಕಾಯ್ತಿದ್ದರು ಅಮ್ಮೋರೆ' ಎಂದೆ. ಅವರು ಅದನ್ನೂ ಬರೆದುಕೊಂಡರು.

ಹನ್ನೆರಡಕ್ಕೆ ಪಡಸಾಲೆಯ ಬಾಗಿಲ ಹತ್ತಿರ ನಿಂತಿದ್ದೆ. ಗುಮಾಸ್ತರು ಅಲ್ಲಿ ನಿಲ್ಲಬಾರದೆಂದೇನೂ ಇಲ್ಲ, ಆದರೆ ಯಾರೂ ನಿಲ್ಲುವುದಿಲ್ಲ. ಸರ್ವಮಂಗಳಮ್ಮ ಅಂದು ಮೊದಲು ಕುಡಿದರು. ಚೊಂಬು ಪಕ್ಕದವರಿಗೆ ಹೋಯಿತು. ಅವರು ಕುಡಿದು ಮೇಲೆ ನೋಡಿದರು, ನನ್ನನ್ನು. ಮೂರನೆಯವರು ಕುಡಿದು ನನ್ನನ್ನು ನೋಡಿದರು. ನಾಲ್ಕನೆಯವರು. ಏಳನೆಯವರು ಮೀಸೆ ಒರೆಸಿಕೊಂಡು ನೋಡುವಷ್ಟರಲ್ಲಿ ಅಲ್ಲಿದ್ದದ್ದು ಒಂದೇ ನೋಟ, ಏಳು ಮುಖಗಳಲ್ಲಿ. ಸಿಟ್ಟಾಗಿದ್ದರೆ ತಡೆದುಕೊಳ್ಳಬಹುದಿತ್ತು. ಅವರು ನನ್ನನ್ನು ತಿಳಿದುಕೊಂಡಿದ್ದರು, ಅಷ್ಟೆ.

ಮಧ್ಯಾಹ್ನದ ಹೊತ್ತಿಗೆ ಆದೇಶ ಬಂತು. ಕೊಟ್ರಮ್ಮನ ತೀರ್ಪು ಬಿದ್ದಿತು. ಅದರ ಮೇಲೆ ನಿಂತ ಹತ್ತು ತೀರ್ಪುಗಳೂ ಬಿದ್ದವು. ಮಕ್ಕಳು ಸದ್ಯ ಇದ್ದಲ್ಲೇ ಇರಬೇಕು. ಆ ನಾಲ್ಕನೆಯ ಪ್ರಶ್ನೆಯನ್ನು ಇನ್ನು ಹೊಸದಾಗಿ ಕೇಳಬೇಕು. ಮುಂದೆ ಯಾರ ವಿಚಾರಣೆ ಬರುತ್ತದೋ ಅವರಿಗೆ ಕೇಳುತ್ತಾರೆ, ಆ ಉತ್ತರವೇ ಎಲ್ಲರ ವಿಷಯದಲ್ಲೂ ನಿಲ್ಲುತ್ತದೆ. ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ಕೇಳುವ ಮೇಜು ಬಿಡಿಸಿ ನಕಲು ವಿಭಾಗಕ್ಕೆ ಹಾಕಿದರು. ಮುಂದೆ ಯಾರ ವಿಚಾರಣೆ ಇದೆ ಎಂದು ಪಟ್ಟಿ ನೋಡಬೇಕಾಗಿರಲಿಲ್ಲ. ಅದು ನನ್ನದೇ.

ಕೊಟ್ರಮ್ಮನಿಗಾಗಿ ನಾನು ತಪ್ಪು ಒಪ್ಪಿಕೊಂಡೆ ಎಂದು ಊರಿನಲ್ಲಿ ಕೆಲವರು ಹೇಳಿದರು. ಹಾಗೇನಿಲ್ಲ. ಪ್ರಶ್ನೆಯನ್ನೇ ಕೇಳದಿದ್ದರೆ ನನ್ನ ಮಗು ಹೋಗುವುದು ಖಚಿತವಾಗಿತ್ತು. ಕೇಳಿದರೆ ಏನು ಹೇಳಬೇಕು ಎನ್ನುವಲ್ಲಿಗೆ ನನ್ನ ತಲೆ ಓಡಿರಲಿಲ್ಲ.

ಮಾರನೆಯ ದಿನ ಸಂಜೆ ನಾಲ್ಕೂವರೆಗೆ ಹನ್ನೊಂದು ತಾಯಂದಿರು ನಮ್ಮ ಮನೆಗೆ ಬಂದರು. ಒಬ್ಬಳ ಕೈಯಲ್ಲಿ ರೊಟ್ಟಿಯ ಗಂಟು, ಒಬ್ಬಳ ಕೈಯಲ್ಲಿ ಮೊಸರಿನ ಗಡಿಗೆ. ಕೊಟ್ರಮ್ಮ ಮುಂದೆ ಇದ್ದಳು. ಐದು ವರ್ಷಕ್ಕೆ ಹತ್ತು ವರ್ಷದಷ್ಟು ಹಣ್ಣಾಗಿದ್ದಳು. ಕೂರಲಿಲ್ಲ. ಗೋಡೆಗೆ ಒರಗಿ ನನ್ನನ್ನು ನೋಡಿದಳು.

'ಯಾಕೆ ಕೇಳ್ಲಿಲ್ಲ?' ಎಂದಳು.

'ಹೊರಗೆ ಸ್ಕೂಟರ್ ಕಾಯ್ತಿತ್ತು.'

'ಯಾರ ಸ್ಕೂಟರು?'

'ನಮ್ಮ ಯಜಮಾನರದ್ದು.'

ಅವಳು ಗೋಡೆಯ ಮೇಲಿನ ಫೋಟೋ ನೋಡಿದಳು. ಹಾರ ಒಣಗಿತ್ತು. 'ಒಂದು ಮಾತು ಕೇಳಾಕೆ ಎಷ್ಟೊತ್ತು ಬೇಕಿತ್ತು ತಾಯಿ' ಎಂದಳು. ಬಯ್ಯಲಿಲ್ಲ. ಬಯ್ಯಲಿ ಎಂದು ನಾನು ಕಾದೆ.

ಉಳಿದವರು ಒಳಗೆ ಬಂದು ಕೂತರು. ರತ್ನವ್ವ ಎಂಬ ದಪ್ಪನೆಯ ಹೆಂಗಸು, ಒಬ್ಬನೇ ಮಗನನ್ನು ಕಳೆದುಕೊಂಡವಳು, ತಟ್ಟೆ ಕೇಳಿ ಅನ್ನ ಮೊಸರು ಕಲಸಿದಳು. 'ಎಲ್ಲಿ, ಕೂಸು ನಿನ್ನ ಕೈಯಾಗ ಉಣ್ಣೋದು ನೋಡಾಣ. ನಮಗೂ ಧೈರ್ಯ ಬರತೈತಿ' ಎಂದು ತಟ್ಟೆಯನ್ನು ನನ್ನ ತೊಡೆಯ ಮೇಲಿಟ್ಟಳು. ನಾನು ತುತ್ತು ಎತ್ತಿದೆ. ನೀಲಾ ತುಟಿ ಬಿಗಿದು ಮುಖ ತಿರುಗಿಸಿತು.

ಮೊದಲು ನಕ್ಕರು. 'ಮಂದಿ ಕಂಡು ನಾಚಿಕಿ' ಎಂದರು. ಮತ್ತೊಮ್ಮೆ ಎತ್ತಿದೆ. ಮತ್ತೆ ಹಾಗೇ. ಮೂರನೆಯ ಸಲಕ್ಕೆ ಯಾರೂ ನಗಲಿಲ್ಲ. ಹಿತ್ತಲಿನ ಬಾಗಿಲು ಸರಿದ ಸದ್ದಾಯಿತು. ಮಗು ಎದ್ದು, 'ದೊಡ್ಡಮ್ಮಾ' ಎನ್ನುತ್ತಾ ಆ ಕಡೆ ಓಡಿತು. ಗಂಗಕ್ಕ ಹೊಸ್ತಿಲಲ್ಲಿ ನಿಂತು ಇಷ್ಟು ಜನರನ್ನು ನೋಡಿ, ಎತ್ತಿಕೊಂಡ ಮಗುವನ್ನು ಕೆಳಗಿಳಿಸಿ, ಬಂದ ದಾರಿಯಲ್ಲೇ ಹಿಂದಕ್ಕೆ ಹೋದಳು.

ಹನ್ನೊಂದು ಜನಕ್ಕೂ ಅರ್ಥವಾಯಿತು.

'ಹೋತು' ಎಂದಳು ರತ್ನವ್ವ. 'ನಮ್ಮ ಹಣೆಬರಾನ ತಂದು ಈಕಿ ತಟ್ಟ್ಯಾಗ ಇಟ್ಟಾರ.'

ಅಂದಿನಿಂದ ಐದು ದಿನ ಅವರು ಸರದಿಯ ಮೇಲೆ ಬಂದರು. ಬೆಳಿಗ್ಗೆ ನಾನು ಕೆಲಸಕ್ಕೆ ಹೊರಡುವ ಮೊದಲು ಇಬ್ಬರು, ಸಂಜೆ ಮೂವರು. ಮಗುವಿಗೆ ಗುಬ್ಬಿ ತೋರಿಸಿದರು. ಅನ್ನಕ್ಕೆ ಬೆಲ್ಲ ಕಲಸಿದರು. ನನ್ನ ಕೈಗೆ ಗಂಗಕ್ಕನ ಬಳೆಯಂಥದೇ ಹಸಿರು ಬಳೆ ತೊಡಿಸಿ ನೋಡಿದರು. ಗಂಡ ಸತ್ತವಳಿಗೆ ಹಸಿರು ಬಳೆ ಎಂದು ಒಬ್ಬಳು ಗೊಣಗಿದ್ದಕ್ಕೆ ರತ್ನವ್ವ, 'ಸುಮ್ಮನಿರಬೇ, ಕೂಸಿನ ಕಣ್ಣಿಗೆ ತೊಡಸ್ತಿರೋದು' ಎಂದಳು. ಮಗು ಬಳೆ ಮುಟ್ಟಿ ನೋಡಿತು. ಬಾಯಿ ತೆರೆಯಲಿಲ್ಲ. ಮೂರನೆಯ ದಿನ ಇಡೀ ಹಗಲು ಉಪವಾಸ ಕೆಡವಿದರು. ಹಸಿದರೆ ತಾನೇ ತೆರೆಯುತ್ತದೆ ಎಂದರು. ನಾನು ಬೇಡ ಎನ್ನಲಿಲ್ಲ. ಇಳಿಹೊತ್ತಿಗೆ ಮಗು ಗೋಡೆಯ ಕಡೆ ತಿರುಗಿ ಮಲಗಿತು. ಕೊಟ್ರಮ್ಮ ಬಂದವಳು ಅದನ್ನು ನೋಡಿ, ತಟ್ಟೆ ಎತ್ತಿಕೊಂಡು ತಾನೇ ಹಿತ್ತಲಿಗೆ ಹೋಗಿ, 'ಬಾರವ್ವ, ನೀನೇ ಉಣ್ಸು' ಎಂದು ಗಂಗಕ್ಕನನ್ನು ಕರೆದಳು.

ವಿಚಾರಣೆಯ ಹಿಂದಿನ ದಿನ ಕೊಟ್ರಮ್ಮ ಒಬ್ಬಳೇ ಬಂದಳು. ಈ ಸಲ ಕೂತಳು.

'ನನ್ನ ವೀರೇಶಗೆ ಈಗ ಒಂಬತ್ತು. ದಾರ್‍ಯಾಗ ಕಂಡ್ರೆ ನಿಲ್ತಾನೆ. ಮಾತಾಡಲ್ಲ, ನಿಲ್ತಾನೆ. ನಾಳೆ ನಿನ್ನ ಕೇಳ್ತಾರೆ. ಉತ್ತರ ಇರೋದು ನಿನ್ನ ಬಾಯಾಗೆ, ಕೂಸಿನ ಬಾಯಾಗಲ್ಲ.'

'ಅದು ಸುಳ್ಳು' ಎಂದೆ.

'ಹೌದು. ನನ್ನ ಬಗ್ಗೆ ಬರೆದಿದ್ದೂ ಸುಳ್ಳೇ. ಅದು ಐದು ವರ್ಷ ನಡೀತಲ್ಲ.' ಸೆರಗು ಸರಿಪಡಿಸಿಕೊಂಡು ಎದ್ದಳು. 'ನೀ ನಿಜ ಹೇಳಿದ್ರೆ ನಂದೇ ತಪ್ಪು ಅಂತ ಆಗತೈತಿ. ದುಡಿಯಾಕೆ ಹೋದೋಳ ಕೂಸು ಅವಳ ಕೈಯಾಗ ಉಣ್ಣಲ್ಲ ಅಂತ ಏಳು ಮಂದಿಗೂ ಮತ್ತೆ ಗೊತ್ತಾಗತೈತಿ. ಅವರಿಗೆ ಗೊತ್ತಾದಮ್ಯಾಲೆ ಯಾರು ಕೇಳ್ತಾರೆ?'

ಅವಳು ಹೋದಳು. ನಾನು ಓದಿದ ತರ್ಕಶಾಸ್ತ್ರದಲ್ಲಿ ಇದಕ್ಕೆ ಹೆಸರು ಇರಬೇಕು. ನೆನಪಾಗಲಿಲ್ಲ. ನೆನಪಾದದ್ದು ಗಂಗಕ್ಕ. ನಾನು ಹೇಳಿದ ಮೇಲೆ ಅವಳನ್ನೂ ಕೇಳುತ್ತಾರೆ. ಅವಳಿಗೆ ಸುಳ್ಳು ಹೇಳುವುದಕ್ಕೆ ಕಾರಣವೇ ಇಲ್ಲ. ನಿಜ ಹೇಳಿದರೆ ಸಾಕು, ಮಗು ಅವಳದು. ನನ್ನ ಸುಳ್ಳು ಹನ್ನೆರಡರ ತನಕವೂ ಉಳಿಯುವುದಿಲ್ಲ.

ಗುರುವಾರ ಹತ್ತೂವರೆಗೆ ನಾಲ್ಕನೇ ಕೋಣೆಯಲ್ಲಿ ಕರೆದರು. ಹಿಂದಿನ ಎರಡು ಬೆಂಚು ತುಂಬ ಆ ಹನ್ನೊಂದು ಜನ. ಯಾರೂ ಕೆಮ್ಮಲಿಲ್ಲ. ಭಾವ ಒಗೆದ ಬಿಳಿ ಅಂಗಿ ತೊಟ್ಟಿದ್ದರು. ಗಂಗಕ್ಕ ಅವರ ಪಕ್ಕ ತಲೆಯ ಮೇಲೆ ಸೆರಗು ಹೊದ್ದು ಕೂತಿದ್ದಳು. ನೀಲಾ ನನ್ನ ಮಡಿಲಲ್ಲಿತ್ತು. ನಿರ್ವಾಣಪ್ಪನವರು ಹಾಳೆ ಹಿಡಿದು ಪ್ರಶ್ನೆ ಕೇಳಿದರು. ಮೂರಕ್ಕೆ ಉತ್ತರ ಹೇಳಿದೆ. ಅವರು ನಾಲ್ಕನೆಯದನ್ನು ಓದಿದರು. ಅದನ್ನು ಮಸಿಯಲ್ಲಿ ಹೊಸದಾಗಿ ಕೈಯಿಂದ ಬರೆದಿದ್ದರು.

'ಮಗು ಯಾರ ಕೈಯಲ್ಲಿ ಉಣ್ಣುತ್ತದೆ?'

'ನನ್ನ ಕೈಯಲ್ಲಿ.'

'ಯಾರ ಕೈಯಲ್ಲಿ?'

'ನನ್ನ ಕೈಯಲ್ಲಿ.'

'ಇನ್ನೊಮ್ಮೆ ಕೇಳ್ತೀನಿ ತಂಗಿ. ಮಗು ಯಾರ ಕೈಯಲ್ಲಿ ಉಣ್ಣುತ್ತದೆ?'

ಮೂರನೆಯ ಸಲ ನನ್ನ ದನಿ ನನಗೇ ಕೇಳಿಸಲಿಲ್ಲ. ಅವರು ಬರೆದುಕೊಂಡರು. ಭಾವ ಬಾಯಿ ತೆರೆದು ಏನೋ ಹೇಳಲು ಹೊರಟರು. ಸರ್ವಮಂಗಳಮ್ಮ ಕೈ ಎತ್ತಿ ತಡೆದು, 'ಗಂಡಸರಿಗೆ ಅಡಿಗೆಮನೆ ವಿಷಯ ಬೇಡ. ಮನೆಯಾಕೆ ಹೇಳಲಿ' ಎಂದರು.

ಗಂಗಕ್ಕ ಎದ್ದಳು. ನನ್ನನ್ನು ನೋಡಲಿಲ್ಲ. ಮಗುವನ್ನು ನೋಡಿದಳು. ಮಗು ಅವಳನ್ನು ನೋಡಿ ಎರಡೂ ಕೈ ಚಾಚಿತು. ನಾನು ಆ ಕೈಗಳನ್ನು ಹಿಡಿದುಕೊಂಡೆ. ಎಷ್ಟು ಬಿಗಿಯಾಗಿ ಹಿಡಿದೆನೆಂದರೆ ಮಗು ಅಳಬೇಕಾಗಿತ್ತು, ಅಳಲಿಲ್ಲ. ಗಂಗಕ್ಕ ತಿರುಗಿ ಹಿಂದಿನ ಬೆಂಚುಗಳನ್ನು ನೋಡಿದಳು. ಒಂದು ತುದಿಯಿಂದ ಇನ್ನೊಂದು ತುದಿಯ ತನಕ.

'ನಿಮ್ಮ ಕೈಯಲ್ಲಿ ಉಣ್ಣುತ್ತದೆಯೇನಮ್ಮ?' ಎಂದರು ನಿರ್ವಾಣಪ್ಪ.

'ಇಲ್ರಿ.'

ಮೂರು ಸಲ ಕೇಳಿದರು. ಮೂರು ಸಲವೂ ಹಾಗೇ ಅಂದಳು. ಭಾವ ಹೆಂಡತಿಯ ಮುಖವನ್ನೇ ನೋಡುತ್ತ ಕೂತರು. ಆಮೇಲೆ ನೆಲ ನೋಡಿದರು.

ತೀರ್ಪು ಸಣ್ಣದು. ದುಡಿಯುವ ತಾಯಿಯ ಮಗುವೂ ತಾಯಿಯ ಕೈಯಲ್ಲೇ ಉಣ್ಣುತ್ತದೆ, ಆದ್ದರಿಂದ ತಾಯಿಯ ಬಳಿ ಇರತಕ್ಕದ್ದು. ಕೊನೆಗೆ ಸರ್ವಮಂಗಳಮ್ಮ ಇನ್ನೊಂದು ಸಾಲು ಸೇರಿಸಿದರು: ತನ್ನ ತಪ್ಪನ್ನು ತಾನಾಗಿ ಬಂದು ಹೇಳಿದವಳ ಮಾತನ್ನು ಅನುಮಾನಿಸುವುದಕ್ಕೆ ಕಾರಣವಿಲ್ಲ.

ಹನ್ನೆರಡಕ್ಕೆ ಚೊಂಬು ತಿರುಗಿತು. ಆ ಎರಡೂ ಮಾತು ಏಳು ಜನರಿಗೂ ಗೊತ್ತಾಯಿತು. ನಾಲ್ಕನೆಯ ಪ್ರಶ್ನೆಯನ್ನು ಹಾಳೆಯಿಂದ ಮತ್ತೆ ತೆಗೆದರು.

ಹನ್ನೊಂದು ಮಕ್ಕಳು ವಾಪಸು ಬಂದರು. ಕೆಲವರು ಅಳುತ್ತಾ ಬಂದರು. ಭಟ್ಟಿಯ ಹೆಂಗಸರು ಹೂವಿನ ಬುಟ್ಟಿ ಬಿಟ್ಟು, ಮಸಿಯ ಮುಖದಲ್ಲೇ ಬೀದಿಯಲ್ಲಿ ನಡೆದರು. ಕೋರ್ಟಿಗೆ ಬರುವವರು ಬೇರೊಂದು ರೂ‍ಢಿ ಕಲಿತರು. ಕಟಕಟೆ ಹತ್ತಿದ ಕೂಡಲೇ ಮೊದಲು ಒಂದು ಸಣ್ಣ ತಪ್ಪು ಒಪ್ಪಿಕೊಳ್ಳುತ್ತಾರೆ. 'ಹೋದ ತಿಂಗಳು ಬಸ್ಸಿನಾಗ ಟಿಕೆಟ್ ತಗೊಂಡಿರ್ಲಿಲ್ಲ ಅಮ್ಮೋರೆ' ಎನ್ನುತ್ತಾರೆ. 'ಅತ್ತೆಗೆ ಕಾಣದಂಗೆ ತುಪ್ಪ ತಿಂದಿದ್ದೆ' ಎನ್ನುತ್ತಾರೆ. ಆಮೇಲೆ ಏನು ಹೇಳಿದರೂ ಏಳು ಕೋಣೆಗಳಲ್ಲೂ ನಂಬುತ್ತಾರೆ. ನಾನು ನಕಲು ವಿಭಾಗದಲ್ಲಿ ಕೂತು ಆ ಹೇಳಿಕೆಗಳನ್ನೆಲ್ಲ ಪ್ರತಿ ಮಾಡುತ್ತೇನೆ. ಯಾವುದು ನಿಜವೆಂದು ಒಂದನ್ನು ನೋಡಿಯೂ ಹೇಳಲಾರೆ.

ತೀರ್ಪಿನ ಮರುದಿನ, ಕೋರ್ಟಿನ ಊಟದ ಬಿಡುವಿನಲ್ಲಿ ಮಗುವನ್ನು ಬಾಲವಾಡಿಯಿಂದ ಕರೆದುಕೊಂಡು ಮನೆಗೆ ಬಂದೆ. ಹಿತ್ತಲಿನ ಬಾಗಿಲು ತಟ್ಟಿದ ಸದ್ದು. ಗಂಗಕ್ಕ ಡಬ್ಬಿ ಹಿಡಿದು ನಿಂತಿದ್ದಳು.

'ಯಾಕಕ್ಕ ಹಾಗಂದಿ?' ಎಂದೆ.

'ಅಷ್ಟು ಮಂದಿ ಹಿಂದೆ ಕೂತಿದ್ರು. ಅವರ ಉಸಿರು ನನ್ನ ಬೆನ್ನಿಗೆ ತಾಗ್ತಿತ್ತು.' ಒಳಗೆ ಬಂದು ಡಬ್ಬಿ ತೆರೆದಳು. 'ರಾತ್ರಿಯಿಂದ ನಮ್ಮನೆಯವರು ನನ್ನ ಕೂಡ ಮಾತಾಡ್ತಿಲ್ಲ. ಮಾತಾಡದಿದ್ರೆ ಬಿಡ್ಲಿ. ನೀನು ಹಿತ್ತಲ ಬಾಗ್ಲು ಹಾಕಬ್ಯಾಡ, ಅಷ್ಟೆ.'

'ಯಾರಾದರೂ ನೋಡಿದರೆ?'

'ನೋಡ್ಬಾರದು.' ಅವಳು ಅನ್ನ ಕಲಸುತ್ತ, ದನಿ ಏರಿಸದೆ ಹೇಳಿದಳು. 'ಹಾಕಿದ್ರೆ ಬೆಳಿಗ್ಗೆ ಹತ್ತಕ್ಕೆ ಕೋರ್ಟಿನ ಬಾಗ್ಲು ತೆಗೆದಿರತೈತಿ. ನಾನೂ ತಪ್ಪು ಒಪ್ಪಿಕೊಂಡೋಳಾಗ್ತೀನಿ. ನನ್ನೂ ನಂಬ್ತಾರೆ.'

ಮಗು ಬಾಯಿ ತೆರೆಯಿತು.

ಈಗ ಐದು ತಿಂಗಳಾಯಿತು. ದಿನಾ ಅವಳು ಬರುತ್ತಾಳೆ. ನಾನು ಬೀದಿ ಬಾಗಿಲಲ್ಲಿ ನಿಲ್ಲುತ್ತೇನೆ. ತಾಯಂದಿರಲ್ಲಿ ಯಾರಾದರೊಬ್ಬರು ಆ ಹೊತ್ತಿಗೆ ಹಾಯುತ್ತಾರೆ. 'ಉಂಡ್ತಾ ಕೂಸು?' ಎನ್ನುತ್ತಾರೆ. 'ಉಂಡಳು' ಎನ್ನುತ್ತೇನೆ. ಅವರು ಒಳಗೆ ಇಣುಕುವುದಿಲ್ಲ. ಒಳಗೆ ಏನಿದೆ ಎಂದು ಅವರಿಗೆ ತಿಳಿಯುವುದು ಬೇಡವಾಗಿದೆ. ಗಂಗಕ್ಕನಿಗೆ ಜ್ವರ ಬಂದು ಎರಡು ದಿನ ಬರದಿದ್ದಾಗ ನಾನು ಎರಡು ದಿನವೂ ಕೋರ್ಟಿನ ಮೆಟ್ಟಿಲ ಮೇಲೆ ಯಾರ ಹೆಜ್ಜೆ ಸದ್ದಾದರೂ ಅವಳೇ ಬಂದಳೇನೋ ಎಂದು ಬರೆಯುವುದನ್ನು ನಿಲ್ಲಿಸುತ್ತಿದ್ದೆ.

ಹೋದ ಸೋಮವಾರ ಮಗುವನ್ನು ಬಾಲವಾಡಿಯಿಂದ ಕರೆತರುವಾಗ ನಿರ್ವಾಣಪ್ಪನವರು ಎದುರಾದರು. ನಿವೃತ್ತಿಗೆ ಒಂದು ವಾರ ಉಳಿದಿತ್ತು. ನನ್ನ ಜೊತೆ ಎರಡು ಮಾತಾಡಿ, ಕೊಡೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಮಗುವಿನ ಮುಂದೆ ಕುಕ್ಕರುಗಾಲಲ್ಲಿ ಕೂತರು.

'ಹೆಸರೇನು ಮರಿ?'

'ನೀಲಾ.'

'ಯಾರ ಕೈಯಲ್ಲಿ ಉಣ್ತೀಯ?'

ಮಗುವಿನ ಬೆರಳು ನನ್ನ ಅಂಗೈಯಲ್ಲಿತ್ತು. ಎಳೆದುಕೊಂಡು ಹೋಗಿಬಿಡಬೇಕೆನಿಸಿತು. ಮಗು ತಲೆ ಎತ್ತಿ ಒಮ್ಮೆ ನನ್ನ ಮುಖ ನೋಡಿತು. ದೊಡ್ಡವರು ಮಾತಾಡುವ ಮುಂಚೆ ನೋಡುವ ಹಾಗೆ.

'ಅಮ್ಮನ ಕೈಯಲ್ಲಿ' ಎಂದಿತು.

ನಿರ್ವಾಣಪ್ಪನವರು ಇನ್ನೆರಡು ಸಲ ಕೇಳಿದರು. ಇನ್ನೆರಡು ಸಲವೂ ಮಗು ಅದನ್ನೇ ಹೇಳಿತು, ತಡೆಯದೆ, ಅದೇ ದನಿಯಲ್ಲಿ. ಅವರು ಮೊಣಕಾಲು ಹಿಡಿದು ಎದ್ದು, ಕೊಡೆ ಬಿಚ್ಚಿಕೊಂಡು ಹೊರಟರು.

ನಾನು ಅದಕ್ಕೆ ಹೇಳಿಕೊಟ್ಟಿರಲಿಲ್ಲ. ಮನೆಗೆ ಬಂದು ಗಂಗಕ್ಕನನ್ನು ಕೇಳಿದೆ. ಅವಳೂ ಹೇಳಿಕೊಟ್ಟಿರಲಿಲ್ಲ.